ಮಾತ್ರೆ ಚೀಟಿಯನ್ನು ಯಾರೊಂದಿಗೆ ಕುಳಿತು ಬರೆಯಬೇಕು?

ಮೂರು ವರ್ಷಗಳ ಹಿಂದೆ ಒಂದು ಬೆಳಗ್ಗೆ ಅಮ್ಮ ಬಚ್ಚಲುಮನೆಯ ಹೊಸ್ತಿಲಲ್ಲಿ ತಲೆ ಸುತ್ತಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಮೂಳೆ ಆರು ವಾರಗಳಲ್ಲಿ ಕೂಡಿಕೊಂಡಿತು. ಯಾಕೆ ಬಿದ್ದರು ಎಂಬುದಕ್ಕೆ ಉತ್ತರ ಅಡುಗೆಮನೆಯ ಕಪಾಟಿನಲ್ಲಿದ್ದ ಮಾತ್ರೆ ಡಬ್ಬಿಯಲ್ಲಿ ಸಿಕ್ಕಿತು. ಹದಿನೈದು ದಿನಗಳ ಮುಂಚೆ ಬೇರೊಂದು ತೊಂದರೆಗಾಗಿ ಆಸ್ಪತ್ರೆಗೆ ಸೇರಿ ಮನೆಗೆ ಮರಳಿದ್ದ ಅವರಿಗೆ ಬಿಡುಗಡೆಯ ಹೊತ್ತಿನಲ್ಲಿ ಕೊಟ್ಟಿದ್ದ ಬಿಪಿ ಮಾತ್ರೆಯ ಹೆಸರು, ಬಣ್ಣ, ಕಂಪನಿ ಎಲ್ಲವೂ ಬೇರೆಯಾಗಿದ್ದವು. ಒಳಗಿದ್ದ ಔಷಧ ಮಾತ್ರ ಅವರು ಆರು ವರ್ಷಗಳಿಂದ ನುಂಗುತ್ತಿದ್ದ ಅದೇ ಆಮ್ಲೋಡಿಪಿನ್. ಹಳೆಯದನ್ನು ನಿಲ್ಲಿಸಬೇಕೆಂದು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲವಾದ್ದರಿಂದ ಅಮ್ಮ ಎರಡನ್ನೂ ಒಂದು ದಿನವೂ ತಪ್ಪಿಸದೆ ತೆಗೆದುಕೊಂಡಿದ್ದರು. ಅವರು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವರು. ಓದಲು ಬಾರದ್ದರಿಂದ ಆದ ತಪ್ಪು ಅದಾಗಿರಲಿಲ್ಲ.

ನಾನು ವೃತ್ತಿಯಿಂದ ವಿನ್ಯಾಸಗಾರ್ತಿ. ಪುಸ್ತಕದ ಮುಖಪುಟ, ತಿಂಡಿಯ ಪೊಟ್ಟಣ, ಅಂಗಡಿಯ ಫಲಕ ಇಂಥವನ್ನು ಮಾಡುತ್ತಾ ಹದಿನೆಂಟು ವರ್ಷ ಕಳೆದಿದ್ದೇನೆ. ಕೋಡುಬಳೆಯ ಪೊಟ್ಟಣವನ್ನು ಎಲ್ಲಿ ಹರಿಯಬೇಕು ಎಂಬುದನ್ನು ತೋರಿಸಲು ನಾವು ನಾಲ್ಕು ಸಲ ಚಿತ್ರ ಬದಲಾಯಿಸುತ್ತೇವೆ. ಅಮ್ಮನ ಕೈಗೆ ಬಂದ ಬಿಡುಗಡೆಯ ಪತ್ರವನ್ನು ಒಮ್ಮೆಯಾದರೂ ಒಬ್ಬ ರೋಗಿಗೆ ತೋರಿಸಿ, ಇದು ನಿಮಗೆ ತಿಳಿಯುತ್ತದೆಯೇ ಎಂದು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಯಶವಂತಪುರದಿಂದಾಚೆ, ಪೀಣ್ಯದ ಕಡೆ, ದತ್ತಿ ಸಂಸ್ಥೆಯೊಂದು ನಡೆಸುವ ಚಿಕ್ಕ ಕ್ಲಿನಿಕ್ಕಿಗೆ ಹೋಗಿ, ಮಾತ್ರೆಗಳನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಸುವ ಒಂದು ಚೀಟಿಯನ್ನು ಮಾಡಿಕೊಡುತ್ತೇನೆ ಎಂದು ಕೇಳಿಕೊಂಡೆ. ಅಲ್ಲಿಗೆ ಬರುವವರು ಬಹುಪಾಲು ಗಾರ್ಮೆಂಟ್ಸ್ ಕಾರ್ಮಿಕರು, ಪೌರಕಾರ್ಮಿಕರು, ಮನೆಗೆಲಸದವರು, ಸೆಕ್ಯುರಿಟಿ ಕೆಲಸದವರು ಮತ್ತು ಅವರ ಮನೆಯ ಹಿರಿಯರು. ಶುಗರ್, ಬಿಪಿ, ಥೈರಾಯ್ಡ್ ಈ ಮೂರೇ ದಿನದ ಅರ್ಧ ಟೋಕನ್‌ಗಳನ್ನು ತುಂಬುತ್ತವೆ.

ಮೊದಲ ಚೀಟಿಯನ್ನು ನಾನು ಮನೆಯಲ್ಲಿ ಒಬ್ಬಳೇ ಕುಳಿತು ಮಾಡಿದೆ. ವೈದ್ಯರು ಬರೆಯುವ 1-0-1 ಎಂಬ ಗುರುತಿನ ಬದಲು ಉದಯಿಸುವ ಸೂರ್ಯ, ನೆತ್ತಿಯ ಸೂರ್ಯ, ಅರ್ಧಚಂದ್ರ. ಪಕ್ಕದಲ್ಲಿ ಮಾತ್ರೆಯ ಬಣ್ಣದ ಚುಕ್ಕೆ. ವೈದ್ಯರಿಗೆ ಮೆಚ್ಚುಗೆಯಾಯಿತು, ಸಿಸ್ಟರ್‌ಗೆ ಮೆಚ್ಚುಗೆಯಾಯಿತು, ಇನ್ನೂರು ಪ್ರತಿ ಅಚ್ಚಾದವು. ಎರಡು ವಾರದ ನಂತರ ಹೂ ಮಾರುವ ಅಜ್ಜಿಯೊಬ್ಬರು ಬಂದಾಗ ರಾತ್ರಿಯ ಮಾತ್ರೆಯನ್ನು ಎಷ್ಟು ಹೊತ್ತಿಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. "ಮೂರು ಗಂಟೆಗೆ" ಎಂದರು. ಮಧ್ಯಾಹ್ನ ಮೂರಕ್ಕೋ ಎಂದೆ. "ಅಲ್ಲ ಕಣಮ್ಮ, ಚಂದ್ರ ಇರೋವಾಗ್ಲೇ ಅಲ್ವಾ ನಾನು ಮಾರ್ಕೆಟ್‌ಗೆ ಹೊರಡೋದು. ನೀವೇ ಚಂದ್ರ ಬರ್ದಿದೀರಲ್ಲ" ಎಂದರು. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಬೆಳಕು ಹರಿಯುವ ಮುಂಚೆಯೇ ತೊಡಗುತ್ತದೆ ಎಂಬುದು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಚಿತ್ರ ಬರೆಯುವಾಗ ಅದು ನೆನಪಿಗೆ ಬರಲಿಲ್ಲ, ಏಕೆಂದರೆ ಚಿತ್ರ ಬರೆಯುವಾಗ ಆ ಅಜ್ಜಿ ಎದುರಿಗೆ ಕುಳಿತಿರಲಿಲ್ಲ. ರಾತ್ರಿ ಪಾಳಿಯ ವಾಚ್‌ಮನ್‌ಗೂ ಆ ಚಂದ್ರ ಅಷ್ಟೇ ದಾರಿತಪ್ಪಿಸುವ ಗುರುತಾಗಿತ್ತು. ಇನ್ನೊಂದು ಮಾತನ್ನೂ ಹೇಳಬೇಕು: ನಾನು ಕಷ್ಟವೆಂದು ಎಣಿಸಿ ತೆಗೆದುಹಾಕಿದ್ದ 1-0-1 ಎಂಬುದನ್ನು ಓದು ಬಾರದ ಹಲವರು ಸಲೀಸಾಗಿ ಅರಿತಿದ್ದರು, ವರ್ಷಗಟ್ಟಲೆ ಮೆಡಿಕಲ್ ಸ್ಟೋರಿನವರು ಅದನ್ನೇ ಬೆರಳಿಟ್ಟು ತೋರಿಸಿ ಕಲಿಸಿದ್ದರು. ಉಳಿದಿದ್ದ ನೂರ ಮೂವತ್ತು ಪ್ರತಿಗಳನ್ನು ಬಳಸುವುದನ್ನು ಅಂದೇ ನಿಲ್ಲಿಸಿದೆವು.

ಆ ಮೇಲೆ ನಾನು ಓದತೊಡಗಿದ್ದು, ಬಳಸುವವರನ್ನೇ ಜೊತೆಗೆ ಕೂರಿಸಿಕೊಂಡು ವಸ್ತುಗಳನ್ನು ರೂಪಿಸುವ ಕ್ರಮದ ಬಗ್ಗೆ. ಈ ಕ್ರಮದ ಒಂದು ಮುಖ್ಯ ಬೇರು ಆಸ್ಪತ್ರೆಯಲ್ಲಿರದೆ ಕಾರ್ಖಾನೆಯಲ್ಲಿರುವುದು ನನಗೆ ಬಹಳ ಹಿಡಿಸಿದ ಸಂಗತಿ. 1970ರ ದಶಕದ ಆರಂಭದಲ್ಲಿ ನಾರ್ವೆಯ ಕ್ರಿಸ್ಟನ್ ನ್ಯುಗೋರ್ ಎಂಬ ಕಂಪ್ಯೂಟರ್ ವಿಜ್ಞಾನಿ ಅಲ್ಲಿನ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಂದಿಗೆ ಸೇರಿ, ಕೆಲಸದ ಜಾಗಕ್ಕೆ ಬರುತ್ತಿದ್ದ ಕಂಪ್ಯೂಟರುಗಳು ಹೇಗಿರಬೇಕೆಂಬುದರಲ್ಲಿ ಕೆಲಸಗಾರರಿಗೂ ಮಾತಿರಬೇಕೆಂದು ಹೊರಟರು. ಹತ್ತು ವರ್ಷದ ನಂತರ, 1981ರಲ್ಲಿ, ಆ ಭಾಗದ ಮುದ್ರಣ ಕಾರ್ಮಿಕರೊಂದಿಗೆ ನಡೆದ ಯುಟೋಪಿಯಾ ಎಂಬ ಯೋಜನೆಯಲ್ಲಿ, ಇನ್ನೂ ತಯಾರಾಗಿರದ ಯಂತ್ರಗಳನ್ನು ರಟ್ಟು ಮತ್ತು ಮರದ ತುಂಡುಗಳಲ್ಲಿ ಮಾಡಿಟ್ಟು, ಕೆಲಸಗಾರರು ಅವುಗಳ ಮುಂದೆ ಕುಳಿತು ತಮ್ಮ ಕೆಲಸವನ್ನು ಮಾಡಿ ತೋರಿಸುವಂತೆ ಮಾಡಿದರು. ಮಾತಿನಲ್ಲಿ ಹೇಳಲಾಗದ್ದನ್ನು ಕೈ ಹೇಳುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಆರೋಗ್ಯ ಸೇವೆಗೆ ಈ ಕ್ರಮವನ್ನು ಒಗ್ಗಿಸಿದವರಲ್ಲಿ ಇಂಗ್ಲೆಂಡಿನ ಪಾಲ್ ಬೇಟ್ ಮತ್ತು ಗ್ಲೆನ್ ರಾಬರ್ಟ್ ಮುಖ್ಯರು. 2005ರ ಸುಮಾರಿಗೆ ಲೂಟನ್ ಪಟ್ಟಣದ ಆಸ್ಪತ್ರೆಯಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಆದವರೊಂದಿಗೆ ಅವರು ಕೆಲಸ ಮಾಡಿದರು. ರೋಗಿಗಳು ಮತ್ತು ಸಿಬ್ಬಂದಿ ಮೊದಲು ಬೇರೆಬೇರೆಯಾಗಿ ತಮ್ಮ ಅನುಭವವನ್ನು ಹೇಳುತ್ತಾರೆ, ರೋಗಿಗಳ ಮಾತಿನ ಚಿತ್ರೀಕರಣವನ್ನು ಎಲ್ಲರೂ ಒಟ್ಟಿಗೆ ಕುಳಿತು ನೋಡುತ್ತಾರೆ, ಮೊದಲು ಯಾವುದನ್ನು ಸರಿಪಡಿಸಬೇಕೆಂದು ಕೂಡಿಯೇ ನಿರ್ಧರಿಸುತ್ತಾರೆ, ಆಮೇಲೆ ಇಬ್ಬರೂ ಇರುವ ಚಿಕ್ಕ ಗುಂಪುಗಳು ಒಂದೊಂದು ಕೆಲಸವನ್ನು ಹಿಡಿಯುತ್ತವೆ.

ನಮ್ಮಲ್ಲಿ ಕ್ಯಾಮೆರಾ ಎಂದೊಡನೆ ಜನ ಸೆರಗು ಸರಿಮಾಡಿಕೊಂಡು ಒಳ್ಳೆಯದನ್ನಷ್ಟೇ ಹೇಳತೊಡಗಿದರು. ಹಾಗಾಗಿ ಚಿತ್ರೀಕರಣವನ್ನು ಬಿಟ್ಟು ಧ್ವನಿಯನ್ನು ಮಾತ್ರ, ಅವರ ಒಪ್ಪಿಗೆ ಪಡೆದು, ದಾಖಲಿಸಿಕೊಂಡೆವು. ಭಾನುವಾರ ಮಧ್ಯಾಹ್ನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಸಭೆ. ಬಂದವರಿಗೆ ಬಸ್ ಚಾರ್ಜು ಮತ್ತು ಅರ್ಧ ದಿನದ ಕೂಲಿಯನ್ನು ಕೊಡಬೇಕೆಂದು ನಾನು ಹಟ ಹಿಡಿದೆ. ಸಭೆಗೆ ಬರುವ ವೈದ್ಯರ ಸಮಯಕ್ಕೆ ಬೆಲೆಯಿದೆ, ವಾರಕ್ಕೊಂದೇ ರಜೆಯಿರುವ ಹೊಲಿಗೆ ಕೆಲಸದ ಹೆಂಗಸಿನ ಸಮಯಕ್ಕೆ ಬೆಲೆಯಿಲ್ಲ ಎಂಬ ಲೆಕ್ಕದಿಂದ ಹೊರಟರೆ, ಕೂಡಿ ಮಾಡುವುದು ಎಂಬ ಮಾತನ್ನು ಮೊದಲ ದಿನವೇ ಮುರಿದಂತಾಗುತ್ತದೆ. ಮೊದಲ ಸಭೆಯಲ್ಲಿ ವೈದ್ಯರು ಕುರ್ಚಿಯಲ್ಲಿದ್ದರು, ಉಳಿದವರು ಬೆಂಚಿನ ಮೇಲೆ ಕೈಕಟ್ಟಿ ಕುಳಿತಿದ್ದರು, ಕೇಳಿದ್ದಕ್ಕೆಲ್ಲ "ಎಲ್ಲಾ ಚೆನ್ನಾಗಿದೆ ಸಾರ್" ಎಂಬುದೊಂದೇ ಉತ್ತರ. ಮುಂದಿನ ಎರಡು ಸಭೆಗಳಿಗೆ ವೈದ್ಯರು ಬರದಿರಲು ತಾವಾಗಿಯೇ ಒಪ್ಪಿದರು. ಜಮಖಾನ ಹಾಸಿ ಎಲ್ಲರೂ ನೆಲದ ಮೇಲೆ ಸುತ್ತಾಗಿ ಕುಳಿತೆವು, ಮಂಡಿ ನೋವಿರುವವರಿಗೆ ಮಾತ್ರ ಕುರ್ಚಿ. ಕನ್ನಡದ ನಡುವೆ ತಮಿಳು, ತೆಲುಗು, ದಖನಿ ಉರ್ದು ಬಂದಾಗ ಅಕ್ಕಪಕ್ಕದವರೇ ತಿಳಿಸಿ ಹೇಳಿದರು. ನಾಲ್ಕನೆಯ ಸಭೆಗೆ ವೈದ್ಯರು ಬಂದಾಗ ಅವರೂ ಜಮಖಾನದ ಮೇಲೆಯೇ ಕುಳಿತರು.

ಆ ಕೋಣೆಯಲ್ಲಿ ನಾನು ಕಲಿತದ್ದನ್ನು ಯಾವ ಪಾಠಶಾಲೆಯೂ ನನಗೆ ಕಲಿಸಿರಲಿಲ್ಲ. ಪೌರಕಾರ್ಮಿಕರೊಬ್ಬರಿಗೆ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆಯನ್ನು "ಬೆಳಗ್ಗೆ, ಊಟಕ್ಕೆ ಮುಂಚೆ" ಎಂದು ಬರೆದುಕೊಟ್ಟಿದ್ದರು. ಬೆಳಗ್ಗೆ 6.30ಕ್ಕೆ ಹಾಜರಿ ಹಾಕಬೇಕಾದ ಅವರು ಐದು ಗಂಟೆಗೆ ಎದ್ದು ಮಾತ್ರೆ ನುಂಗಿ, ಟೀ ಕುಡಿದು ಹೊರಟುಬಿಡುತ್ತಿದ್ದರು. ತಿಂಡಿ ಹೊಟ್ಟೆಗೆ ಬೀಳುವಾಗ ಹತ್ತು ಗಂಟೆ. ಆ ಮಾತ್ರೆ ದೇಹದಲ್ಲಿ ಇನ್ಸುಲಿನ್ ಬಿಡುಗಡೆಯನ್ನು ಹೆಚ್ಚಿಸುವಂಥದ್ದು, ಆದ್ದರಿಂದ ಅದನ್ನು ನುಂಗಿದ ಮೇಲೆ ಊಟ ತಡವಾದರೆ ರಕ್ತದಲ್ಲಿನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಎಂಟು ಗಂಟೆಯ ಹೊತ್ತಿಗೆ ಕೈ ನಡುಗಿ ಬೆವರು ಬರುವುದು ಅವರಿಗೆ ವಾಡಿಕೆಯಾಗಿಹೋಗಿತ್ತು, ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು ಹೋಗುತ್ತಿದ್ದರು. ಬೆಲ್ಲ ತಿಂದರೆ ಸರಿಹೋಗುತ್ತದೆ ಎಂಬುದನ್ನು ಅವರೇ ಕಂಡುಕೊಂಡಿದ್ದರು, ಯಾಕೆ ಹಾಗಾಗುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಚೀಟಿಯಲ್ಲಿದ್ದ ಎರಡು ಮಾತುಗಳಲ್ಲಿ ಯಾವುದೂ ಸುಳ್ಳಲ್ಲ, ಅವರು ಎರಡನ್ನೂ ಪಾಲಿಸಿದ್ದರು. ಬೆಳಗ್ಗೆಗೂ ತಿಂಡಿಗೂ ನಡುವೆ ಐದು ಗಂಟೆಯ ಅಂತರವಿರುವ ಬದುಕೊಂದಿದೆ ಎಂಬುದು ಮಾತ್ರ ಚೀಟಿ ಬರೆದವರಿಗೆ ಹೊಳೆದಿರಲಿಲ್ಲ.

ಗಾರ್ಮೆಂಟ್ಸ್ ಕೆಲಸದ ಇನ್ನೊಬ್ಬರದು ಬೇರೆಯೇ ಕಥೆ. ಬಿಪಿಗೆಂದು ಕೊಟ್ಟಿದ್ದ ನೀರಿನ ಮಾತ್ರೆಯನ್ನು, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನು, ಅವರು ಭಾನುವಾರ ಮಾತ್ರ ತೆಗೆದುಕೊಳ್ಳುತ್ತಿದ್ದರು. ಕಡತದಲ್ಲಿ ಅವರ ಹೆಸರಿನ ಮುಂದೆ ಔಷಧ ಸರಿಯಾಗಿ ತೆಗೆದುಕೊಳ್ಳುವುದಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಲೈನಿನಲ್ಲಿ ಕುಳಿತವರು ಎದ್ದು ಹೋದರೆ ಮುಂದಿನವರ ಕೈಯಲ್ಲಿ ಬಟ್ಟೆ ನಿಲ್ಲುತ್ತದೆ, ಸೂಪರ್‌ವೈಸರ್ ಬೈಯುತ್ತಾರೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ ಬೇರೆ. ಇದನ್ನು ಗಂಡಸು ವೈದ್ಯರ ಮುಂದೆ ಹೇಳಲು ಅವರಿಗೆ ಸಂಕೋಚ. ನಾಲ್ಕನೆಯ ಸಭೆಯಲ್ಲಿ ಆ ಧ್ವನಿಮುದ್ರಣವನ್ನು ಕೇಳಿದ ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ಬಿಪಿಗೆ ಬೇರೆ ಗುಂಪಿನ ಮಾತ್ರೆಗಳೂ ಇದಾವೆ, ಮೊದಲೇ ಹೇಳಬಾರದಿತ್ತಾ?" ಎಂದರು. "ನೀವು ಕೇಳಿದ್ರೆ ಹೇಳ್ತಿದ್ದೆ ಡಾಕ್ಟ್ರೇ" ಎಂದು ಆಕೆ ಮೆಲ್ಲಗೆ ಹೇಳಿದರು. ಆ ವೈದ್ಯರನ್ನು ನಾನು ದೂರಲಾರೆ. ಒಂದು ಬೆಳಗ್ಗೆಯಲ್ಲಿ ಅರವತ್ತು ಜನರನ್ನು ನೋಡುವವರಿಗೆ ಒಬ್ಬೊಬ್ಬರಿಗೆ ಸಿಗುವುದು ಮೂರೋ ನಾಲ್ಕೋ ನಿಮಿಷ. ಆದರೆ ಅಂಥ ಪ್ರಶ್ನೆಯನ್ನು ಕೇಳಲು ಜಾಗವಿರುವಂತೆ ವ್ಯವಸ್ಥೆಯನ್ನು ರೂಪಿಸುವುದು ಸಾಧ್ಯವೆಂದೂ, ಅದು ವಿನ್ಯಾಸದ ಕೆಲಸವೆಂದೂ ನಾನು ಅಂದಿನಿಂದ ದೃಢವಾಗಿ ನಂಬಿದ್ದೇನೆ.

ಥೈರಾಯ್ಡ್ ಮಾತ್ರೆಯ ವಿಷಯ ಚಿಕ್ಕದು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ ಎಂದಾಗ, ಕಾಫಿ ಕುಡಿದರೂ ಹೊಟ್ಟೆ ಖಾಲಿಯೇ ಎಂದು ನಮ್ಮ ಊರಿನ ಬಹಳ ಜನ ತಿಳಿಯುತ್ತಾರೆ. ನಮ್ಮ ಅಮ್ಮನೂ ಹಾಗೆಯೇ ತಿಳಿದಿದ್ದರು. ಕಾಫಿ ಆ ಮಾತ್ರೆ ದೇಹಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಈಗ ಚೀಟಿಯಲ್ಲಿ "ಕಾಫಿಗೂ ಮುಂಚೆ, ನೀರಿನೊಂದಿಗೆ, ಕಾಫಿ, ತಿಂಡಿ ಒಂದು ಗಂಟೆ ಬಿಟ್ಟು" ಎಂದಿದೆ.

ಹೊರಗಿನ ಉತ್ತಮ ಮಾದರಿಗಳನ್ನು ನೋಡಲಿಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ನೋಡಿದೆವು. ನ್ಯೂಯಾರ್ಕಿನ ವಿನ್ಯಾಸಗಾರ್ತಿ ಡೆಬೊರಾ ಆಡ್ಲರ್ ತಮ್ಮ ಅಜ್ಜಿ ತಪ್ಪಿ ಅಜ್ಜನ ಮಾತ್ರೆಯನ್ನು ನುಂಗಿದ್ದನ್ನು ಕಂಡು ಮಾತ್ರೆ ಬಾಟಲಿಯನ್ನೇ ಹೊಸದಾಗಿ ರೂಪಿಸಿದರು. ಚಪ್ಪಟೆಯಾದ ಮುಖ, ದೊಡ್ಡ ಅಕ್ಷರ, ಮನೆಯ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಉಂಗುರ. 2005ರಲ್ಲಿ ಟಾರ್ಗೆಟ್ ಎಂಬ ಅಮೆರಿಕದ ಅಂಗಡಿಗಳ ಔಷಧ ವಿಭಾಗದಲ್ಲಿ ಅದು ಬಳಕೆಗೆ ಬಂತು. ಅವರ ಅಜ್ಜಿಯ ಕಥೆಯಲ್ಲಿ ನನ್ನ ಅಮ್ಮನ ಕಥೆಯೇ ಇದೆ, ಹೀಗಾಗಿ ಅದನ್ನು ಓದಿದಾಗ ಕಣ್ಣು ತುಂಬಿಬಂತು. ಆದರೆ ಅಲ್ಲಿ ಅಂಗಡಿಯವರು ಮಾತ್ರೆಗಳನ್ನು ಬಾಟಲಿಗೆ ತುಂಬಿ ಕೊಡುತ್ತಾರೆ, ಇಲ್ಲಿ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ಕಾಗದದ ಕವರಿನಲ್ಲಿ ಹಾಕಿ ಕೊಡುತ್ತಾರೆ. ನಾಲ್ಕು ಮಾತ್ರೆಯ ತುಂಡಿನಲ್ಲಿ ಹೆಸರು ಅರ್ಧ ಹೋಗಿರುತ್ತದೆ, ಅವಧಿ ಮುಗಿಯುವ ದಿನಾಂಕ ಅಂಗಡಿಯಲ್ಲೇ ಉಳಿದಿರುತ್ತದೆ. 2023ರ ಆಗಸ್ಟ್ 1ರಿಂದ ನಮ್ಮ ದೇಶದಲ್ಲಿ 300 ಪ್ರಮುಖ ಔಷಧ ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಇರಬೇಕೆಂಬ ನಿಯಮ ಜಾರಿಗೆ ಬಂದಿದೆ, ನಕಲಿ ಔಷಧ ತಡೆಯಲು ಅದು ಬೇಕಾದದ್ದೇ. ಕತ್ತರಿಸಿದ ತುಂಡಿನಲ್ಲಿ ಬಹುಮಟ್ಟಿಗೆ ಅದೂ ಉಳಿಯುವುದಿಲ್ಲ. ನಮ್ಮ ಕ್ಲಿನಿಕ್ಕಿನ ಔಷಧ ವಿಭಾಗದ ತಮ್ಮನೊಬ್ಬ ಸಭೆಯಲ್ಲಿ ಇದನ್ನು ಕೇಳಿಸಿಕೊಂಡು, ದಿನಾಂಕವಿರುವ ತುದಿಯನ್ನು ರೋಗಿಗೇ ಕೊಟ್ಟು ಉಳಿದ ಭಾಗದ ಮೇಲೆ ತಾನೇ ಪೆನ್ನಿನಲ್ಲಿ ದಿನಾಂಕ ಬರೆದಿಟ್ಟುಕೊಳ್ಳುವ ರೂಢಿಯನ್ನು ಅಂದೇ ತೊಡಗಿಸಿದ. ಇದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ.

ಎರವಲು ತಂದ ಉತ್ತರಕ್ಕೂ ಇಲ್ಲಿನ ನೆಲದಲ್ಲಿ ಹುಟ್ಟಿದ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ದೇಶ ಬಹಳ ಹಿಂದೆಯೇ ಕಂಡಿದೆ. ಪಾಶ್ಚಾತ್ಯ ಮಾದರಿಯ ಕೃತಕ ಪಾದ ಬೂಟು ಹಾಕಿ, ಕುರ್ಚಿಯ ಮೇಲೆ ಕೂರುವವರಿಗಾಗಿ ಮಾಡಿದ್ದು. ಅದನ್ನು ತೊಟ್ಟವರು ಕುಕ್ಕರುಗಾಲಿನಲ್ಲಿ ಕೂರಲಾಗದೆ, ಚಕ್ಕಳಮಕ್ಕಳ ಹಾಕಲಾಗದೆ, ಬರಿಗಾಲಲ್ಲಿ ಗದ್ದೆಗೆ ಇಳಿಯಲಾಗದೆ ಅದನ್ನು ಮೂಲೆಗಿಡುತ್ತಿದ್ದರು. ಜೈಪುರದ ಸವಾಯಿ ಮಾನ್ ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ 1960ರ ದಶಕದ ಕೊನೆಯಲ್ಲಿ ರಬ್ಬರಿನಿಂದ ಮಾಡಿದ ಪಾದ ಬಾಗುತ್ತಿತ್ತು, ನೀರಿಗೆ ಹೆದರುತ್ತಿರಲಿಲ್ಲ, ಚಪ್ಪಲಿ ಇಲ್ಲದೆಯೂ ನಡೆಯುತ್ತಿತ್ತು. ರೋಗಿಗಳು ನೆಲದ ಮೇಲೆ ಹೇಗೆ ಕೂರುತ್ತಾರೆ ಎಂಬುದನ್ನು ಅರಿತ ಕರಕುಶಲಿಗನ ಕೈ ಮತ್ತು ವೈದ್ಯನ ಶಾಸ್ತ್ರಜ್ಞಾನ ಎರಡೂ ಸಮನಾಗಿ ಕೂಡಿದ್ದರಿಂದ ಅದು ಆಯಿತು ಎಂಬುದು ನನ್ನ ತಿಳಿವಳಿಕೆ.

ಐದನೆಯ ಸಭೆಯಲ್ಲಿ, ಚೀಟಿಯ ಬಗ್ಗೆ ಮಾತಾಡಲು ಕೂತವರೇ ನಮ್ಮನ್ನು ಚೀಟಿಯಿಂದ ಆಚೆಗೆ ಕರೆದುಕೊಂಡು ಹೋದರು. ಮನೆಗೆಲಸ ಮಾಡುವ ಅಕ್ಕ ಒಬ್ಬರು, "ಚೀಟಿ ಎಷ್ಟು ಚೆನ್ನಾಗಿ ಬರೆದ್ರೂ ಆ ಕಿಟಕಿಯಲ್ಲಿ ಏನೂ ಕೇಳಿಸಲ್ಲ" ಎಂದರು. ಔಷಧ ಕೊಡುವ ಕಿಟಕಿಗೆ ಗಾಜು, ಗಾಜಿನ ಕೆಳಗೆ ಅಂಗೈ ಅಗಲದ ತೂತು. ಬಗ್ಗಿ ಕಿವಿಯಿಡಬೇಕು, ಹಿಂದೆ ಕ್ಯೂನಲ್ಲಿರುವವರು ಬೇಗ ಬೇಗ ಎನ್ನುತ್ತಾರೆ, ಒಮ್ಮೆ ಕೇಳಿಸದ್ದನ್ನು ಎರಡನೆಯ ಸಲ ಕೇಳಲು ನಾಚಿಕೆ. ಒಳಗಿರುವ ಹುಡುಗ ದಿನಕ್ಕೆ ನೂರು ಸಲ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ ಎಂಬುದೂ ಅಂದೇ ಹೊರಬಿತ್ತು. ಯುಟೋಪಿಯಾದವರ ದಾರಿಯಲ್ಲೇ ನಾವು ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಕೊರೆದು ಕಿಟಕಿ ಮಾಡಿ, ಒಬ್ಬರು ರೋಗಿಯಾಗಿ, ಒಬ್ಬರು ಅಂಗಡಿಯವರಾಗಿ, ನಾಲ್ವರು ಕ್ಯೂ ಆಗಿ ಆಡಿ ನೋಡಿದೆವು. ವೈದ್ಯರೇ ರೋಗಿಯಾಗಿ ಬಗ್ಗಿ ನಿಂತಾಗ ಅವರಿಗೂ ಕೇಳಿಸಲಿಲ್ಲ. ಕೊನೆಗೆ ಕಿಟಕಿಯಲ್ಲಿ ಔಷಧ ಮಾತ್ರ, ಅದರ ವಿವರಣೆ ನಾಲ್ಕು ಹೆಜ್ಜೆ ಆಚೆಗಿಟ್ಟ ಮೇಜಿನ ಬಳಿ, ಕುಳಿತುಕೊಂಡು, ಎಂದು ತೀರ್ಮಾನವಾಯಿತು. ಆ ಮೇಜಿನಲ್ಲಿ ಕೂರುವ ಸಿಸ್ಟರ್ ಮೊದಲು ಮೂರು ಪ್ರಶ್ನೆ ಕೇಳುತ್ತಾರೆ: ಎಷ್ಟು ಹೊತ್ತಿಗೆ ಏಳುತ್ತೀರಿ, ಹೊಟ್ಟೆಗೆ ಮೊದಲು ಏನು ಯಾವಾಗ ತಿನ್ನುತ್ತೀರಿ, ಯಾವಾಗ ಮಲಗುತ್ತೀರಿ. ಅದರ ನಂತರವೇ ಚೀಟಿಯನ್ನು ತುಂಬುತ್ತಾರೆ. ಅದರಲ್ಲೀಗ ಸೂರ್ಯನೂ ಇಲ್ಲ, ಚಂದ್ರನೂ ಇಲ್ಲ, ಎದ್ದದ್ದು, ಮೊದಲ ತಿಂಡಿ, ಊಟ, ಮಲಗುವುದು ಎಂಬ ನಾಲ್ಕು ಮನೆಗಳಿವೆ. ನಿಲ್ಲಿಸಬೇಕಾದ ಹಳೆಯ ಮಾತ್ರೆಗಳಿಗೆ ಕೆಳಗೆ ಬೇರೆ ಜಾಗವಿದೆ. ಆ ಜಾಗ ಅಮ್ಮನಿಗಾಗಿ ನಾನು ಕೇಳಿ ಪಡೆದದ್ದು.

ಕೂಡಿ ರೂಪಿಸುವುದು ಎಂಬ ಹೆಸರಿನಲ್ಲಿ ಈ ಊರಿನಲ್ಲಿ ನಡೆಯುವ ಬಹಳಷ್ಟು ಕೆಲಸ ನನಗೆ ನೋವು ತರುತ್ತದೆ ಎಂಬುದನ್ನು ಮುಚ್ಚಿಡಲಾರೆ. ಆ್ಯಪ್ ಎಲ್ಲಾ ಸಿದ್ಧವಾದ ಮೇಲೆ ಐದು ಜನ ರೋಗಿಗಳನ್ನು ಕರೆದು, ಬಟನ್ನಿನ ಬಣ್ಣ ಇಷ್ಟವಾಯಿತೇ ಎಂದು ಕೇಳಿ, ಫೋಟೋ ತೆಗೆಸಿಕೊಂಡು ಕಳಿಸುವುದನ್ನು ನಾನು ಕಂಡಿದ್ದೇನೆ. ಶೆರ್ರಿ ಆರ್ನ್‌ಸ್ಟೀನ್ ಎಂಬ ಅಮೆರಿಕದ ವಿದುಷಿ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಗೆ ಹೋಲಿಸಿ, ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಒಪ್ಪಿಸುವ ಆಟವಷ್ಟೇ ಇರುತ್ತದೆ, ನಡುವಿನವುಗಳಲ್ಲಿ ಮಾತು ಕೇಳಿಸಿಕೊಳ್ಳುತ್ತಾರಾದರೂ ನಿರ್ಧಾರ ಅವರ ಕೈಗೆ ಬರುವುದಿಲ್ಲ, ಮೇಲಿನವುಗಳಲ್ಲಿ ಮಾತ್ರ ನಿರ್ಧರಿಸುವ ಅಧಿಕಾರ ಹಂಚಿಕೆಯಾಗುತ್ತದೆ ಎಂದು ತೋರಿಸಿದ್ದರು. ನಮ್ಮ ಕ್ಲಿನಿಕ್ಕಿನ ಕೆಲಸ ಆ ಏಣಿಯ ತುದಿಯಲ್ಲಿದೆ ಎಂದು ನಾನು ಹೇಳುವುದಿಲ್ಲ. ಹಣ ಎಲ್ಲಿಗೆ ಖರ್ಚಾಗಬೇಕೆಂಬುದು ಈಗಲೂ ದತ್ತಿ ಸಂಸ್ಥೆಯ ಸಮಿತಿಯ ಕೈಯಲ್ಲಿದೆ. ಆ ಸಮಿತಿಯಲ್ಲಿ ಇಬ್ಬರು ರೋಗಿಗಳು ಇರಬೇಕೆಂದು ನಾವು ಎಲ್ಲರೂ ಸಹಿ ಮಾಡಿದ ಪತ್ರ ಕೊಟ್ಟು ನಾಲ್ಕು ತಿಂಗಳಾಯಿತು. ಒಂದು ಕಟ್ಟುಪಾಡನ್ನು ಮಾತ್ರ ಮೊದಲಿನಿಂದ ಉಳಿಸಿಕೊಂಡಿದ್ದೇವೆ: ಪ್ರತಿ ಸಭೆಯೂ ಹೋದ ಸಲ ಯಾರು ಏನು ಹೇಳಿದ್ದರು, ಅದರಲ್ಲಿ ಏನಾಯಿತು, ಏನಾಗಲಿಲ್ಲ, ಯಾಕಾಗಲಿಲ್ಲ ಎಂಬ ಲೆಕ್ಕ ಒಪ್ಪಿಸುವುದರೊಂದಿಗೇ ತೊಡಗುತ್ತದೆ. ಜನ ಮತ್ತೆ ಮತ್ತೆ ಬರುವುದು ಕೂಲಿಗಾಗಿ ಎಂದು ಆರಂಭದಲ್ಲಿ ಕೆಲವರು ಅಂದಿದ್ದರು. ಲೆಕ್ಕ ಕೇಳುವಾಗ ಅವರ ಮುಖ ನೋಡಿದವರು ಯಾರೂ ಹಾಗೆ ಅನ್ನಲಾರರು.

ಆರನೆಯ ಸಭೆಗೆ ಹೂ ಮಾರುವ ಅಜ್ಜಿ ತಮ್ಮ ಮಗಳನ್ನೂ ಕರೆತಂದಿದ್ದರು. ಮಾತ್ರೆಗಳನ್ನು ಎತ್ತಿಕೊಡುವುದು, ಗಂಡನ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಮಕ್ಕಳನ್ನು ಶಾಲೆಗೆ ಬಿಡುವುದು ಎಲ್ಲವೂ ಆಕೆಯ ಮೇಲಿದೆ. "ನನಗೆ ಹೇಗಿದೆ ಅಂತ ಯಾರೂ ಕೇಳಲ್ಲ" ಎಂದು ಆಕೆ ಹೇಳಿದಾಗ ಕೋಣೆಯಲ್ಲಿದ್ದ ಅರ್ಧಕ್ಕರ್ಧ ಹೆಂಗಸರು ತಲೆದೂಗಿದರು. ಮೇಜಿನ ಸಿಸ್ಟರ್ ಈಗ ರೋಗಿಯ ಜೊತೆ ಬಂದವರನ್ನೂ, ನಿಮ್ಮ ನಿದ್ದೆ ಹೇಗಿದೆ, ನಿಮ್ಮ ಬಿಪಿ ಕೊನೆಯ ಸಲ ನೋಡಿದ್ದು ಯಾವಾಗ ಎಂದು ಕೇಳುತ್ತಾರೆ. ಮನಸ್ಸು ತೀರಾ ಭಾರವಾಗಿದೆ ಎಂದವರಿಗೆ, 2022ರಲ್ಲಿ ತೊಡಗಿದ, ನಮ್ಮ ಊರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಚೀಟಿಯ ಹಿಂಬದಿಯಲ್ಲಿ ದೊಡ್ಡದಾಗಿ ಬರೆದುಕೊಡುತ್ತಾರೆ.

ಮುಂದಿನ ಭಾನುವಾರದ ವಿಷಯ ಇನ್ಸುಲಿನ್. ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂದು ಅದರ ಪೆಟ್ಟಿಗೆಯ ಮೇಲಿದೆ, ನಮ್ಮಲ್ಲಿಗೆ ಬರುವ ಹಲವರ ಮನೆಯಲ್ಲಿ ಫ್ರಿಜ್ ಇಲ್ಲ. ನಾನು ಈ ಸಲ ಯಾವ ಚಿತ್ರವನ್ನೂ ಬರೆದುಕೊಂಡು ಹೋಗುತ್ತಿಲ್ಲ. ಒಂದರ ಒಳಗೊಂದು ಮಡಕೆಯಿಟ್ಟು ನಡುವೆ ಒದ್ದೆ ಮರಳು ತುಂಬಿ ಬಳಕೆಯಲ್ಲಿರುವ ಬಾಟಲಿಯನ್ನು ತಂಪಾಗಿಟ್ಟುಕೊಳ್ಳುವ ಲಗ್ಗೆರೆಯ ಅಕ್ಕ ಒಬ್ಬರು ಆ ಮಡಕೆಗಳನ್ನೇ ಆಟೋದಲ್ಲಿ ತರುತ್ತೇನೆ ಎಂದಿದ್ದಾರೆ. ವೈದ್ಯರು ಥರ್ಮಾಮೀಟರ್ ತರುತ್ತಾರೆ.